ತಣ್ಣನೆಯ ಎಂಜಿನ್ನಿಗೆ ಕಿವಿಗೊಡುವ ಶಟ್ಟೆವ್ವ

ಬೈಲಹೊಂಗಲದ ಬಜಾರು ಇನ್ನೂ ಕಣ್ಣು ಬಿಟ್ಟಿಲ್ಲ. ಹತ್ತಿ ಹೇರಿಕೊಂಡು ಬಂದು ನಿಂತ ಚಕ್ಕಡಿಗಳ ಕೆಳಗೆ ರೈತರು ಕಂಬಳಿ ಹೊದ್ದು ಮಲಗಿದ್ದಾರೆ. ಚಹಾದಂಗಡಿಯವನು ಒಲೆಗೆ ಊದುತ್ತಿದ್ದಾನೆ, ಹೊಗೆ ಮಾತ್ರ ಬರುತ್ತಿದೆ. ರಸ್ತೆಯ ಆಚೆ ಬದಿಗೆ ಮಡಿವಾಳೆಪ್ಪನ ಗ್ಯಾರೇಜಿನ ತಗಡಿನ ಬಾಗಿಲು ಅರ್ಧ ಮಾತ್ರ ತೆರೆದಿದೆ.

ಒಳಗೆ ಬೆಳ್ಳಿ ಬಣ್ಣದ ಟರ್ಬೊ ಕಾರೊಂದು ಬಾನೆಟ್ ಎತ್ತಿಕೊಂಡು ನಿಂತಿದೆ. ಅದರ ಮುಂದೆ ನಲವತ್ತು ದಾಟಿದ ಹೆಣ್ಣುಮಗಳೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾರೆ. ಬಸ್ಸಿನ ಗದ್ದಲಕ್ಕೆಂದು ಕಿವಿಯಲ್ಲಿ ತುರುಕಿಕೊಂಡಿದ್ದ ಹತ್ತಿಯನ್ನು ತೆಗೆದು ಕುಪ್ಪಸದೊಳಗೆ ಇಟ್ಟುಕೊಳ್ಳುತ್ತಾರೆ. ಆಮೇಲೆ ಎಂಜಿನ್ ಮೇಲೆ ಅಂಗೈ ಊರಿ ನೋಡುತ್ತಾರೆ. ತಣ್ಣಗಿದೆ.

"ಯಾರೂ ಚಾಲೂ ಮಾಡಿಲ್ಲಲ್ಲ?"

"ಇಲ್ಲ ವೈನಿ. ನಿನ್ನಿ ಸಂಜೀಲಿಂದ ಹಂಗ ಐತಿ," ಎನ್ನುತ್ತಾನೆ ಮಡಿವಾಳೆಪ್ಪ.

"ಹಂಗಾರ ಹಚ್ಚು."

ಕೀಲಿ ತಿರುಗುತ್ತದೆ. ಎಂಜಿನ್ ಏಳುತ್ತದೆ, ಆದರೆ ಕುಂಟುತ್ತ. ಅವರ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲಿ ನಿಂತ ನನ್ನ ಕಿವಿಗೆ ಅದೊಂದು ನಡುಕ, ಅಷ್ಟೇ. ನಡುನಡುವೆ ಹಿಂದಿನ ಸೈಲೆನ್ಸರಿನಲ್ಲಿ ಹಸಿ ಕಟ್ಟಿಗೆ ಸಿಡಿದಂತೆ ಟಪ್ ಎನ್ನುತ್ತದೆ. ಶಟ್ಟೆವ್ವ ಒಂದು ರಬ್ಬರ್ ನಳಿಗೆಯ ತುದಿ ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಎಂಜಿನ್ನಿನ ಉದ್ದಕ್ಕೂ ಸರಿಸುತ್ತ ಹೋಗುತ್ತಾರೆ. ಬಳಿಕ ತಂಬಿಗೆಯ ನೀರಿನಲ್ಲಿ ಬೆರಳದ್ದಿ, ಎಂಜಿನ್ನಿನಿಂದ ಸುಟ್ಟ ಗಾಳಿ ಹೊರಬೀಳುವ ಕೊಳವೆಗಳ ಮೇಲೆ ಒಂದೊಂದೇ ಹನಿ ಚಿಮುಕಿಸುತ್ತಾರೆ. ಮೊದಲನೆಯದು ಚುರ್ ಎನ್ನುತ್ತದೆ. ಎರಡನೆಯದೂ ಚುರ್. ಮೂರನೆಯದರ ಮೇಲೆ ಬಿದ್ದ ಹನಿ ಹನಿಯಾಗಿಯೇ ಕುಳಿತು, ನಿಧಾನ ಉರುಳಿ ಕೆಳಗೆ ಬೀಳುತ್ತದೆ.

"ಮೂರನೇ ಒಲಿ ಹತ್ತಿಲ್ಲ," ಎನ್ನುತ್ತಾರೆ ಶಟ್ಟೆವ್ವ.

ಮೂರನೇ ಸಿಲಿಂಡರಿನಲ್ಲಿ ಕಿಡಿಗೆ ಕರೆಂಟು ಕೊಡುವ ಕಾಯಿಲನ್ನು ಪಕ್ಕದ್ದಕ್ಕೆ ಬದಲಿಸಿ ನೋಡುತ್ತಾರೆ. ಕುಂಟುವುದು ಮಾತ್ರ ಮೂರನೆಯದೇ. ಪ್ಲಗ್ ಬಿಚ್ಚಿಸುತ್ತಾರೆ. ಬಲ್ಬಿನ ಬೆಳಕಿಗೆ ಹಿಡಿದು ತಿರುವಿದಾಗ ಅದರ ಬಿಳಿ ಪಿಂಗಾಣಿಯ ಮೇಲೆ ತಲೆಗೂದಲಿನಷ್ಟು ತೆಳುವಾದ ಸೀಳು ಕಾಣುತ್ತದೆ.

"ಕಿಡಿ ಬೀಳೂ ಜಾಗಾ ಬಿಟ್ಟು ಈ ಸೀಳಿನ್ಯಾಗ ಸೋರಾಕತ್ತೈತ್ರಿ," ಎಂದು ನನಗೆ ತಿಳಿಸಿ ಹೇಳುತ್ತಾರೆ. "ತಂಪಿದ್ದಾಗ, ಥಂಡಿ ಹಿಡದಾಗ ಕುಂಟತೈತಿ. ಬಿಸಿ ಆತಂದ್ರ ಸುದ್ದ ಆದಂಗ ನಾಟಕ ಮಾಡತೈತಿ. ಏರಿಗೆ ಬಂದಾಗ ಟರ್ಬೊ ಗಾಳಿ ತುರುಕತೈತಲ್ಲ, ಆವಾಗ ಕಿಡಿ ಮತ್ತ ಆರತೈತಿ. ಸುಡಲಾರದ ಪೆಟ್ರೋಲ್ ಹಿಂದ ಹೋಗಿ ಸೈಲೆನ್ಸರನ್ಯಾಗ ಸಿಡಿತೈತಿ. ಜನಾ ಹಿಂದ ದನಿ ಬಂತಂತ ಹಿಂದ ಹುಡುಕತಾರ. ಬ್ಯಾನಿ ಮುಂದ ಇರತೈತಿ."

ಹೊಸ ಪ್ಲಗ್ ಹಾಕಿ ಮುಗಿದು, ಬಿಸಿಲು ಬೀಳುವ ಹೊತ್ತಿಗೆ ಕಾರಿನ ಮಾಲೀಕರು ಬರುತ್ತಾರೆ. ಊರಿನ ದೊಡ್ಡ ಹತ್ತಿ ವ್ಯಾಪಾರಿ. ಅವರ ಚಪ್ಪಲಿಯ ಸದ್ದಿಗೇ ಶಟ್ಟೆವ್ವ ಕೈ ಒರೆಸಿಕೊಂಡು ಮೂಲೆಯ ಕಸಬರಿಗೆ ಎತ್ತಿಕೊಂಡಿರುತ್ತಾರೆ. ಮಾಲೀಕರು ಎಂಜಿನ್ ಚಾಲೂ ಮಾಡಿಸಿ, ತಲೆಯಾಡಿಸಿ, ಮಡಿವಾಳೆಪ್ಪನ ಭುಜ ತಟ್ಟುತ್ತಾರೆ.

"ಹುಬ್ಬಳ್ಳಿಗೆ ಒಯ್ದಿದ್ದೆ, ಬೆಳಗಾವಿಗೆ ಒಯ್ದಿದ್ದೆ. ನಿನ್ನ ಕಿವಿಗೆ ಬಂಗಾರದ ಒಂಟಿ ಹಾಕಬೇಕು ನೋಡಪಾ."

ಮಡಿವಾಳೆಪ್ಪ ನಕ್ಕು ನೆಲ ನೋಡುತ್ತಾನೆ. ಕಸಬರಿಗೆ ತಗಡಿನ ಗೋಡೆಯ ಬುಡದಲ್ಲಿ ಸರಸರ ಓಡುತ್ತದೆ. ಕಾರು ಹೊರಟುಹೋದ ಮೇಲೆ ಶಟ್ಟೆವ್ವ ಕಸಬರಿಗೆ ಇಟ್ಟು, ಕಿವಿಗೆ ಮತ್ತೆ ಹತ್ತಿ ತುರುಕಿಕೊಂಡು ಕಿತ್ತೂರಿನ ಬಸ್ಸು ಹಿಡಿಯಲು ನಡೆಯುತ್ತಾರೆ. ನಾನು ಹಿಂದೆಯೇ ಹೋಗುತ್ತೇನೆ.

ಬೈಲಹೊಂಗಲ, ಸವದತ್ತಿ, ರಾಮದುರ್ಗ. ಈ ಮೂರೂ ಊರಿನಲ್ಲಿ ಶಟ್ಟೆವ್ವನ ಕಿವಿಯನ್ನು ನೆಚ್ಚಿಕೊಂಡ ಗ್ಯಾರೇಜುಗಳಿವೆ. ಗಾಡಿ ತಂದವರಿಗೆ ಮಾತ್ರ ಅದು ಗೊತ್ತಿಲ್ಲ. ಬಗೆಹರಿಯದ ಗಾಡಿ ಬಂದಾಗ ಕಿತ್ತೂರಿನ ಮನೆಯ ಪಕ್ಕದ ಕಿರಾಣಿ ಅಂಗಡಿಗೆ ಫೋನು ಬರುತ್ತದೆ. ನಸುಕಿನ ಬಸ್ಸಿಗೆ ಹೊರಡುತ್ತಾರೆ. ರಾಮದುರ್ಗವಾದರೆ ಹಿಂದಿನ ದಿನವೇ ಹೋಗಿ ತಂಗಿ ಇಂದ್ರವ್ವನ ಮನೆಯಲ್ಲಿ ಉಳಿಯುತ್ತಾರೆ. ಕೆಲವು ವಾರ ಎರಡು ಮೂರು ಗಾಡಿ ಇರುತ್ತವೆ. ಕೆಲವು ವಾರ ಒಂದೂ ಇರುವುದಿಲ್ಲ. ಆಗ ಹೊಲದ ಕೂಲಿ.

ನಸುಕೇ ಏಕೆ ಎಂದರೆ ಎರಡು ಕಾರಣ ಹೇಳುತ್ತಾರೆ. ಒಂದು, ತಣ್ಣಗಿರುವಾಗ ಎಂಜಿನ್ ಖರೆ ಮಾತಾಡುತ್ತದೆ. ಇನ್ನೊಂದನ್ನು ಹೇಳುವಾಗ ಮುಖ ಬಸ್ಸಿನ ಕಿಟಕಿಯ ಕಡೆ ತಿರುಗುತ್ತದೆ. "ಆವಾಗ ಮಾಲಕರು ಇರೂದಿಲ್ಲರಿ."

ಶಟ್ಟೆವ್ವನ ತವರು ಮುರಗೋಡ. ತೊಂಬತ್ತರ ದಶಕದ ಆರಂಭದಲ್ಲಿ ಕಿತ್ತೂರಿನ ಭೀಮಶಿಯ ಕೈಹಿಡಿದು ಬಂದರು. ಪುಣೆ–ಬೆಂಗಳೂರು ರಸ್ತೆಯ ಬದಿಗೆ ಭೀಮಶಿಯದೊಂದು ತಗಡಿನ ಶೆಡ್ಡು, ಅದರ ಹಿಂದೆಯೇ ಮನೆ. ಲಾರಿ, ಟ್ರ್ಯಾಕ್ಟರು, ಜೀಪು ಅಲ್ಲಿ ನಿಲ್ಲುತ್ತಿದ್ದವು. ಗಾಡಿ ಶೆಡ್ಡಿನೊಳಗೆ ಬರುವ ಮೊದಲೇ, ರಸ್ತೆಯಿಂದ ಇಳಿಯುವ ಸದ್ದಿಗೇ ಭೀಮಶಿ ಇಂಥದ್ದು ಎಂದು ಹೇಳುತ್ತಿದ್ದನಂತೆ. ಮಡಿವಾಳೆಪ್ಪ ಕೆಲಸ ಕಲಿತದ್ದೂ ಅಲ್ಲಿಯೇ.

"ನಮ್ಮ ಮನಿಯವರಿಗೆ ಮಾತ ಕಡಿಮಿ," ಎನ್ನುತ್ತಾರೆ ಶಟ್ಟೆವ್ವ. "ನಾ ರೊಟ್ಟಿ ಬಡಿಯೂ ಮುಂದ ಬಂದು ಕುಂತು, ಇವತ್ತ ಒಂದು ಲಾರಿ ಬಂದಿತ್ತ, ಹಿಂಗ ದನಿ ಮಾಡತಿತ್ತ ಅಂತ ಬಾಯಿಲೇ ಮಾಡಿ ತೋರಸತಿದ್ರು. ಅದ ನಮಗ ಸಂಸಾರದ ಮಾತು."

ದಶಕ ಮುಗಿಯುತ್ತ ಬಂದಂತೆ ಹಿಂಬದಿಯ ಗಾಜಿನ ಮೇಲೆ ದೊಡ್ಡದಾಗಿ ಟರ್ಬೊ ಎಂದು ಬರೆಸಿಕೊಂಡ ಗಾಡಿಗಳು ರಸ್ತೆಗೆ ಇಳಿದವು. ಹಳೆಯ ಎಂಜಿನ್ ಇದ್ದಷ್ಟು ಗಾಳಿ ಎಳೆದುಕೊಂಡು ನಡೆಯುತ್ತಿತ್ತು. ಇದರಲ್ಲಿ ಹೊಗೆಯ ರಭಸಕ್ಕೆ ತಿರುಗುವ ಚಕ್ರವೊಂದು ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಹೊಸ ಸದ್ದು, ಹೊಸ ರೋಗ. ಭೀಮಶಿಗೆ ಅದು ಹಬ್ಬವಾಗಬೇಕಿತ್ತು. ಆದರೆ ಅದೇ ದಿನಗಳಲ್ಲಿ ಶಟ್ಟೆವ್ವ ಒಂದು ಸಂಗತಿ ಗಮನಿಸಿದರು. ಒಲೆಯ ಮೇಲಿನ ಹಾಲು ಉಕ್ಕಿ ಸುರಿದರೂ ಪಕ್ಕದಲ್ಲೇ ಕುಳಿತ ಗಂಡ ತಿರುಗಿ ನೋಡುತ್ತಿರಲಿಲ್ಲ. ಬೆನ್ನ ಹಿಂದೆ ನಿಂತು ಕರೆದರೆ ಓ ಎನ್ನುತ್ತಿರಲಿಲ್ಲ.

ಧಾರವಾಡದ ಡಾಕ್ಟರು ಕಿವಿಯ ನರ ಸತ್ತಿದೆ ಎಂದರು. ವರ್ಷಗಟ್ಟಲೆ ಲಾರಿ ಎಂಜಿನ್ನಿಗೆ ತಲೆ ಆನಿಸಿದ್ದರ ಫಲ. ಉಳಿದದ್ದೂ ಹೋಗುತ್ತದೆ, ಔಷಧವಿಲ್ಲ ಎಂದರು. ತಿರುಗಿ ಬಂದು ಕಿತ್ತೂರಿನಲ್ಲಿ ಬಸ್ಸಿಳಿದ ಮೇಲೆ ಭೀಮಶಿ ಹೆಂಡತಿಗೆ ಒಂದೇ ಮಾತು ಹೇಳಿದ: "ಯಾರ ಮುಂದೂ ಅನಬ್ಯಾಡ."

ಅವರು ಅನಲಿಲ್ಲ. ಬದಲಿಗೆ ಗಂಡನಿಗೆ ಕಿವಿಯಾದರು. ಗಾಡಿ ಬಂದಾಗ ಚಹಾ ತರುವ ನೆಪದಲ್ಲಿ ಶೆಡ್ಡಿಗೆ ಬಂದು ಗಂಡನ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಎಂಜಿನ್ ಹೇಗೆ ಬಡಿದುಕೊಳ್ಳುತ್ತಿದೆಯೋ ಹಾಗೆ ಅವನ ಬೆನ್ನ ಮೇಲೆ ಬೆರಳಿನಿಂದ ಬಡಿಯುತ್ತಿದ್ದರು. ಎಲ್ಲಿ ಪೆಟ್ಟು ತಪ್ಪುತ್ತದೋ ಅಲ್ಲಿ ಬೆರಳೂ ತಪ್ಪುತ್ತಿತ್ತು. ಭೀಮಶಿ ಒಂದು ಕೈಯನ್ನು ಎಂಜಿನ್ ಮೇಲಿಟ್ಟು, ಬೆನ್ನಿನಿಂದ ಆಲಿಸುತ್ತಿದ್ದ. ಕದ್ದು ಮಾತಾಡಲು ಹೊತ್ತು ಸಿಕ್ಕರೆ ಸದ್ದಿಗೆ ಹೋಲಿಕೆ ಕೊಡುತ್ತಿದ್ದರು. ತಿಳಿಯಲೆಂದು ಗಂಡ ಹೆಂಡತಿಯ ತುಟಿ ನೋಡುತ್ತಿದ್ದ.

"ಪಂಚಮಿಗೆ ಜ್ವಾಳದ ಅಳ್ಳು ಹುರಿತೇವಲ್ಲರಿ, ಹಂಗ ಪಟಪಟ ಅಂದ್ರ ಡೀಜಲ್ ಬಿಡೂ ನಳಿಗಿ ತೊಟ್ಟಿಕ್ಕಾಕತ್ತೈತಿ ಅಂತ ಅವರು ತಿಳಕೊಳ್ಳತಿದ್ರು. ಗಾಳಿ ಒಳಗ ಹೋಗೂ ಕಡೆ ಸೀನಿದಂಗ ಸಿಡಿದ್ರ ವಾಲ್ವ್ ಮುಚ್ಚವಲ್ದು. ಹಾವು ಬುಸ್ ಅಂದು, ಆಮ್ಯಾಲೆ ದಮ್ಮ ಹೋದಂಗ ಆದ್ರ ಟರ್ಬೊದ ಪೈಪ್ ಹರದೈತಿ. ಮದಲ ನಾ ಹೇಳತಿದ್ದೆ, ಅವರು ಅರ್ಥ ಮಾಡತಿದ್ರು. ಬರಬರತ ಅವರು ಅನ್ನೂದರಾಗ ನನಗೂ ಅರ್ಥ ಆಗಾಕ ಹತ್ತಿತು."

ಗಿರಾಕಿಗಳು ಭೀಮಶಿಯ ಕಿವಿಯನ್ನು ಹೊಗಳಿ ಹೋಗುತ್ತಿದ್ದರು. ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ತಮ್ಮ ಬದುಕಿನ ಒಳ್ಳೆಯ ಕಾಲ ಅದೇ ಎನ್ನುತ್ತಾರೆ ಶಟ್ಟೆವ್ವ.

2003ರ ಬೇಸಿಗೆಯಲ್ಲಿ ಅದು ಮುಗಿಯಿತು. ಸವದತ್ತಿಯ ಡ್ರೈವರ್ ಮುದಕಪ್ಪ ಡೀಜಲ್ ಟರ್ಬೊ ಜೀಪೊಂದನ್ನು ತಂದ. ಸಿಡಿಯುವ ಸದ್ದು, ಹಿಂದೆ ನೀಲಿ ಹೊಗೆ. ಶಟ್ಟೆವ್ವ ಆಗ ಮನೆಯಲ್ಲಿರಲಿಲ್ಲ. ಸಾರ್ವಜನಿಕ ನಳಕ್ಕೆ ನೀರು ಬಂದಿತ್ತು, ಕೊಡ ಹಿಡಿದು ಹೋಗಿದ್ದರು. ಬರುವವರೆಗೆ ಕಾಯಬಹುದಿತ್ತು. ಆದರೆ ಮುದಕಪ್ಪನಿಗೆ ಅವಸರ, ಭೀಮಶಿಗೆ ಸಂಕೋಚ. ಏರ್ ಫಿಲ್ಟರ್ ಬಿಚ್ಚಿಟ್ಟು, ಎಂಜಿನ್ ಮೇಲೆ ಕೈಯಿಟ್ಟು, ಚಾಲೂ ಮಾಡು ಎಂದು ಸನ್ನೆ ಮಾಡಿದ.

ಟರ್ಬೊದ ಒಳಗಿನ ಸೀಲು ಹೋಗಿತ್ತು. ಎಂಜಿನ್ ತನ್ನದೇ ಆಯಿಲನ್ನು ಎಳೆದುಕೊಂಡು ಕುಡಿಯತೊಡಗಿತು. ಇಂಥ ಹೊತ್ತಿನಲ್ಲಿ ಡೀಜಲ್ ಎಂಜಿನ್ನಿಗೆ ಲಗಾಮು ಇರುವುದಿಲ್ಲ. ಕೀಲಿ ತೆಗೆದರೂ ಓಡುತ್ತದೆ, ಒಡೆಯುವವರೆಗೂ ಓಡುತ್ತದೆ. ದನಿ ಏರುತ್ತ ಚೀರಾಟವಾಯಿತು. ಮುದಕಪ್ಪ ಕೀಲಿ ಕಿತ್ತು ಕೈಯಲ್ಲಿ ಹಿಡಿದು, "ಭೀಮಣ್ಣಾ, ಸರೀ, ಸರೀ!" ಎಂದು ಕೂಗುತ್ತ ಹೊರಗೆ ಓಡಿದ. ಬೆನ್ನು ಹಾಕಿದ್ದ ಭೀಮಶಿಗೆ ಕೂಗು ಕೇಳಲಿಲ್ಲ. ಕೈಯಡಿ ನಡುಕ ಹೆಚ್ಚಾದದ್ದು ತಿಳಿದಾಗ ತಡವಾಗಿತ್ತು. ಗಾಳಿ ನಿಲ್ಲಿಸಿದರೆ ಮಾತ್ರ ಅದು ಸಾಯುತ್ತದೆಂದು ಬಲ್ಲ ಅವನು ಅರಿವೆಯ ಮುದ್ದೆ ಹಿಡಿದು ಟರ್ಬೊದ ತೆರೆದ ಬಾಯಿಗೆ ಕೈ ಒಡ್ಡಿದ. ಚಕ್ರ ಅರಿವೆಯನ್ನು ಎಳೆದುಕೊಂಡಿತು, ಜೊತೆಗೆ ಬೆರಳುಗಳನ್ನೂ.

ಶಟ್ಟೆವ್ವ ನಳದ ಹತ್ತಿರವೇ ಆ ದನಿ ಕೇಳಿದ್ದರು. ಕೊಡ ಬಿಟ್ಟು ಓಡಿದರು. ಹಿತ್ತಲಿನಿಂದ ಒಳಹೊಕ್ಕು, ಒಲೆಯ ಮುಂದೆ ತಾವು ಕೂಡುವ ಕಟ್ಟಿಗೆಯ ಮಣೆ ಎತ್ತಿಕೊಂಡು ಶೆಡ್ಡಿಗೆ ಬಂದು ಅದನ್ನು ಆ ಬಾಯಿಗೆ ಒತ್ತಿ ಹಿಡಿದರು. ಮೈಭಾರವನ್ನೆಲ್ಲ ಹಾಕಿದರು. ಎಂಜಿನ್ ಉಸಿರುಗಟ್ಟಿ, ಒದ್ದಾಡಿ, ನಿಂತಿತು. ಶೆಡ್ಡು ತುಂಬ ಹೊಗೆ. ಗಂಡ ನೆಲದ ಮೇಲೆ ಕುಳಿತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ.

"ಅಳಲಿಲ್ಲರಿ. ನನ್ನ ಮಾರಿ ನೋಡಿ, 'ನಿಂತಿತೇನು?' ಅಂತ ಕೇಳಿದ್ರು. ನಿಂತದ್ದ ಸೈತ ಅವರಿಗೆ ಕೇಳಿಸಿರಲಿಲ್ಲ."

ಬೆರಳು ಹೋದದ್ದಕ್ಕಿಂತ ದೊಡ್ಡದು ಗುಟ್ಟು ಹೋದದ್ದು. ಅಷ್ಟು ಕೂಗಿದರೂ ಭೀಮಣ್ಣ ತಿರುಗಿ ನೋಡಲಿಲ್ಲ ಎಂದು ಮುದಕಪ್ಪ ಹೇಳಿದ. ಸುಳ್ಳೇನೂ ಹೇಳಲಿಲ್ಲ. ಊರಿಂದ ಊರಿಗೆ ಮಾತು ಹೋಯಿತು: ಕಿವುಡ ಮೇಸ್ತ್ರಿ. ಗಾಡಿಗಳು ಶೆಡ್ಡಿನ ಮುಂದಿನಿಂದ ಹಾದುಹೋಗತೊಡಗಿದವು. ಭೀಮಶಿಗೆ ಮೊದಲೇ ಸಕ್ಕರೆ ಕಾಯಿಲೆ, ಗಾಯ ಮಾಯಲಿಲ್ಲ. ಮುಂದಿನ ವರ್ಷದ ಮಳೆಗಾಲ ದಾಟಲಿಲ್ಲ. ಅದೇ ಸುಮಾರಿಗೆ ರಸ್ತೆ ಅಗಲವಾಯಿತು, ಶೆಡ್ಡಿದ್ದ ಜಾಗ ಡಾಂಬರಿನ ಅಡಿಗೆ ಹೋಯಿತು. ಹಿಂದಿನ ಮನೆಯ ಅರ್ಧ ಉಳಿಯಿತು. ಶಟ್ಟೆವ್ವ ಇವತ್ತಿಗೂ ಇರುವುದು ಆ ಅರ್ಧದಲ್ಲಿ. ಮಗಳು ಮಂಜುಳಾಳನ್ನು ನವಿಲುತೀರ್ಥದ ಹತ್ತಿರ ಕೊಟ್ಟಿದೆ.

ನೀರಿಗೆ ಹೋದ ಆ ದಿನದ ಬಗ್ಗೆ ಕೇಳಿದರೆ ಅವರು ಕಿವಿಯ ಹತ್ತಿಯನ್ನು ಸರಿಮಾಡಿಕೊಳ್ಳುತ್ತಾರೆ. "ನೀರು ದಿನಾ ಬರತಿದ್ದಿಲ್ಲರಿ," ಎನ್ನುತ್ತಾರೆ.

ಗಂಡ ಹೋದ ಮೇಲೆ ಬೈಲಹೊಂಗಲದ ಹತ್ತಿ ಗಿರಣಿಯೊಂದರಲ್ಲಿ ಕೂಲಿಗೆ ಸೇರಿದರು. ಗಿರಣಿಯ ಎದುರಿಗೇ ಮಡಿವಾಳೆಪ್ಪನ ಗ್ಯಾರೇಜು. ಒಂದು ದಿನ ಅಲ್ಲಿ ಗಾಡಿಯೊಂದು ಮುಂಜಾನೆಯಿಂದ ಸಿಡಿಯುತ್ತಲೇ ಇತ್ತು. ಚಾಲೂ ಮಾಡುವುದು, ಸಿಡಿಯುವುದು, ನಿಲ್ಲಿಸುವುದು. ಶಟ್ಟೆವ್ವ ಹತ್ತಿಯ ರಾಶಿಯ ಮುಂದೆ ಕುಳಿತು ತಡೆದುಕೊಂಡರು. ಊಟದ ಹೊತ್ತಿಗೆ ತಡೆಯದೆ ರಸ್ತೆ ದಾಟಿ ಹೋದರು.

"ಗಾಳಿ ಒಳಗ ಹೋಗೂ ಕಡೆ ಸಿಡಿಯಾಕತ್ತೈತಿ, ಮಡಿವಾಳೆಪ್ಪ. ನೀ ಡೀಜಲ್ ನಳಿಗಿ ಬಿಚ್ಚಾಕತ್ತೀ. ವಾಲ್ವ್ ನೋಡು."

ಗುರುವಿನ ಹೆಂಡತಿಯನ್ನು ಅವನು ಗಿರಣಿಯ ಧೂಳಿನಲ್ಲಿ ಗುರುತು ಹಿಡಿದಿರಲಿಲ್ಲ. ವಾಲ್ವ್ ನೋಡಿದ. ಒಂದರ ಅಂಚು ಸುಟ್ಟು ಚೂರು ಹಾರಿತ್ತು. ಮರುದಿನ ಅವನೇ ಗಿರಣಿಗೆ ಬಂದು ಕರೆದ, ಒಂದು ಷರತ್ತಿನೊಂದಿಗೆ. ಆ ಷರತ್ತನ್ನು ಗ್ಯಾರೇಜಿನಲ್ಲಿ ನನ್ನೆದುರು ಹೇಳುವಾಗ ಅವನ ಕೈ ಸುಮ್ಮನೆ ಅರಿವೆಯನ್ನು ಹಿಂಡುತ್ತದೆ.

"ಗಿರಾಕಿ ಬಂದ್ರ ಕಸಬರಿಗಿ ಹಿಡದು ಕಸದಾಕಿ ಹಂಗ ಇರಬೇಕಂತ ಅಂದಿದ್ನಿ. ಹೆಣ್ಮಗಳು ಕೈ ಹಚ್ಚ್ಯಾಳಂದ್ರ ಗಿರಾಕಿ ಗಾಡಿ ಬಿಟ್ಟು ಹೋಗೂದಿಲ್ಲರಿ. ಮೊದಲ ಒಬ್ಬರ ಮುಂದ ಹೇಳಿ ನೋಡಿದ್ನಿ. ಅವರು ಕೀಲಿ ಕಸಗೊಂಡು ಹೋದ್ರು. ನನಗ ಆಕಿ ಕಿವಿ ಬೇಕಾಗಿತ್ತು, ಆಕಿಗೆ ಕೆಲಸ ಬೇಕಾಗಿತ್ತು. ಇದು ಸರಿ ಅಲ್ಲಂತ ನನಗೂ ಗೊತ್ತೈತಿ."

ಒಬ್ಬರಿಂದೊಬ್ಬರಿಗೆ ತಿಳಿದು ಸವದತ್ತಿಯ ಗಂಗಪ್ಪನ ಗ್ಯಾರೇಜಿನಿಂದಲೂ ರಾಮದುರ್ಗದಿಂದಲೂ ಕರೆ ಬಂತು. ಷರತ್ತು ಎಲ್ಲ ಕಡೆಯೂ ಅದೇ.

ಶಟ್ಟೆವ್ವ ಸೋತದ್ದೂ ಇದೆ, ಅದನ್ನು ಅವರೇ ಹೇಳುತ್ತಾರೆ. ಕಳೆದ ಚಳಿಗಾಲ ಸವದತ್ತಿಯಲ್ಲಿ ಒಂದು ಟರ್ಬೊ ಜೀಪು. ಅವರಿಗೆ ನೆಗಡಿ ಆಗಿ ಕಿವಿ ಕಟ್ಟಿತ್ತು. ಬರುವುದಿಲ್ಲ ಎನ್ನಬಹುದಿತ್ತು, ಅನ್ನಲಿಲ್ಲ. ಒಮ್ಮೆ ಇಲ್ಲ ಎಂದರೆ ಮತ್ತೆ ಕರೆಯಲಿಕ್ಕಿಲ್ಲ ಎಂಬ ಅಂಜಿಕೆ. ಟರ್ಬೊ ಪೈಪು ಹರಿದಿದೆ ಎಂದರು. ಪೈಪು ಹರಿದಿತ್ತು, ಹೌದು. ಆದರೆ ಅದರ ಹಿಂದೆ ವಾಲ್ವಿನ ಸದ್ದೂ ಇತ್ತು, ಅದು ಕೇಳಿಸಲಿಲ್ಲ. ಜೀಪು ನವಿಲುತೀರ್ಥದ ದಾರಿಯಲ್ಲಿ ವಾಲ್ವ್ ಮುರಿದು, ಎಂಜಿನ್ ಒಳಗೇ ನುಚ್ಚಾಗಿ ನಿಂತಿತು. ಮಾಲೀಕ ಗ್ಯಾರೇಜಿಗೆ ಬಂದು ಗಂಗಪ್ಪನನ್ನು ಬಾಯಿಗೆ ಬಂದಂತೆ ಬೈದ. ಗಂಗಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ಶಟ್ಟೆವ್ವನ ಹೆಸರು ಎತ್ತಲಿಲ್ಲ.

"ಆವತ್ತ ಇನ್ನೊಂದು ಗಾಡಿ ನೋಡಾಕ ಬಂದು ನಾ ಅಲ್ಲೇ ಕಸಾ ಹೊಡಿಯಾಕತ್ತಿದ್ದೆ. ಮುಂದ ಹೋಗಿ, ಅವನಿಗ್ಯಾಕ ಬೈತೀರಿ, ತಪ್ಪ ನಂದ್ರಿ ಅನಬೇಕಂತ ನಾಲಿಗಿ ತನಕ ಬಂತು. ಅಂದ್ರ ಗಂಗಪ್ಪನ ಮರ್ಯಾದಿ ಇನ್ನಷ್ಟ ಹೋಗತಿತ್ತು. ಹೊಗಳಿಕಿ ನಂದಲ್ಲ, ಹೋಗಲಿ ಬಿಡ್ರಿ. ಆದರ ಬೈಗಳಾದ್ರೂ ನಂದಾಗಬೇಕಿತ್ತಲ್ಲ. ಅದೂ ನನಗ ಬರಲಿಲ್ಲ."

ಇಷ್ಟು ಹೇಳುವಾಗ ಮಾತ್ರ ಅವರ ಕಣ್ಣುಗಳು ತುಂಬುತ್ತವೆ. ಗಂಡನ ಸಾವು ಹೇಳುವಾಗ ತುಂಬಿರಲಿಲ್ಲ.

ಈಗೀಗ ಎಡಗಿವಿಯಲ್ಲಿ ಜೀರುಂಡೆ ಕೂಗಿದಂತೆ ಒಂದು ಸದ್ದು ಶುರುವಾಗಿದೆ. ಗಂಡನಿಗೂ ಮೊದಲು ಹಾಗೆಯೇ ಆಗಿತ್ತು. ಡಾಕ್ಟರಿಗೆ ತೋರಿಸಿಲ್ಲ. ಹೊಸ ಗಾಡಿಗಳಿಗೆ ಕಂಪ್ಯೂಟರ್ ಹಚ್ಚಿ ನೋಡುತ್ತಾರಂತೆ, ತಮ್ಮ ಕಿವಿ ಹೋಗುವುದಕ್ಕೂ ಕಿವಿಗೊಟ್ಟು ನೋಡುವ ಕಾಲ ಮುಗಿಯುವುದಕ್ಕೂ ಸರಿಹೋದೀತು ಎನ್ನುತ್ತಾರೆ. ನಗಲು ನೋಡುತ್ತಾರೆ, ನಗು ಬರುವುದಿಲ್ಲ.

ಈ ಲೇಖನ ಬರೆಯಲೇ ಎಂದು ಇಬ್ಬರನ್ನೂ ಕೇಳಿದೆ. ಮಡಿವಾಳೆಪ್ಪ ಬಹಳ ಹೊತ್ತು ಯೋಚಿಸಿದ. "ಬರೀರಿ. ನಮ್ಮ ಹೆಸರೂ ಹಾಕ್ರಿ. ಆದರ ಇದನ್ನ ಓದಿ ಗಿರಾಕಿ ಬಿಟ್ಟು ಹೋದ್ರ, ಮದಲ ಕೆಲಸ ಹೋಗೂದು ಆಕೀದು. ಅದನ್ನೂ ಬರೀರಿ," ಎಂದ. ಬರೆದಿದ್ದೇನೆ. ಸವದತ್ತಿಯ ಗಂಗಪ್ಪನೂ ಫೋನಿನಲ್ಲಿ ಹೂಂ ಅಂದ.

ಶಟ್ಟೆವ್ವ ಯೋಚಿಸಲಿಲ್ಲ. "ಹಾಕ್ರಿ. ಊರಾಗ ಎಲ್ಲಾರೂ ಗ್ಯಾರೇಜಿನ ಕಸದಾಕಿ ಅಂತಾರ. ಕಸಾ ಹೊಡಿಯೂದೂ ಕೆಲಸಾನ, ಸಣ್ಣದಲ್ಲ. ಆದರ ಅದು ನನ್ನ ಕೆಲಸ ಅಲ್ಲ."

ಕಿತ್ತೂರು ಬರುತ್ತದೆ. ಇಳಿದು ಹೆದ್ದಾರಿಯ ಬದಿಗೆ ನಿಲ್ಲುತ್ತೇವೆ. ಟರ್ಬೊ ಗಾಡಿಗಳು ಒಂದರ ಹಿಂದೊಂದು ಸೀಳಿಕೊಂಡು ಹೋಗುತ್ತಿವೆ, ಇಷ್ಟು ವೇಗದಲ್ಲಿ ಯಾವುದರ ದನಿಯೂ ಪೂರ್ತಿ ಕಿವಿಗೆ ಬೀಳುವುದಿಲ್ಲ. ಇಂಥ ಗಾಡಿಯಲ್ಲಿ ಎಂದಾದರೂ ಕುಳಿತಿದ್ದೀರಾ ಎಂದು ಕೇಳುತ್ತೇನೆ. ಇಲ್ಲ ಎಂದು ತಲೆಯಾಡಿಸುತ್ತಾರೆ. ಯಾರು ಕೂಡಿಸಿಕೊಳ್ಳಬೇಕು? ಗಾಡಿ ಸುದ್ದ ಆಗಿ ಹೋಗುವ ಹೊತ್ತಿಗೆ ಅವರು ಮೂಲೆಯಲ್ಲಿರುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ಮೊದಲು ಏನೂ ಇಲ್ಲ ಅನ್ನುತ್ತಾರೆ. ಮನೆಯ ಕಡೆ ನಾಲ್ಕು ಹೆಜ್ಜೆ ಹೋದವರು ತಿರುಗಿ ಬರುತ್ತಾರೆ.

"ಒಂದ ಐತ್ರಿ. ನಾ ಕೇಳಿದ್ದೆಲ್ಲ ಬರೇ ನಿಂತ ಗಾಡಿದು, ಬ್ಯಾನಿ ಬಿದ್ದು ನರಳೂ ದನಿ. ಆರಾಮ ಆದಮ್ಯಾಲೆ ಅದು ಎಲ್ಲಮ್ಮನ ಗುಡ್ಡದ ಏರಿನ್ಯಾಗ ದಮ್ಮ ಹಿಡದು ಏರತೈತಲ್ಲ, ಆವಾಗ ಹೆಂಗ ದನಿ ಮಾಡತೈತಿ? ಕಿವಿ ಇರೂತನಕ, ಒಮ್ಮೆ ಒಳಗ ಕುಂತು ಕೇಳಬೇಕಂತ ಐತಿ."